ಆಗಸ್ಟ್ ತಿಂಗಳೇ ಇಲ್ಲ ಅಂದ್ಕೊಂಡು ಇಂಜಿನಿಯರಿಂಗ್ ಕಾಲೇಜು ನಡೆಸೋದು ಹೇಗೆ?

ಮೇಷ್ಟ್ರು_ಮಡಿಕೇರಿ
ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡ್ತೀನಿ, ಕಾಲೇಜಿನ ಹೆಸರು ಮಾತ್ರ ಕೇಳ್ಬೇಡಿ. "ಸುಸ್ಥಿರ, ವಿಪತ್ತಿಗೂ ಕುಸಿಯದ ತಾಂತ್ರಿಕ ಶಿಕ್ಷಣ ವ್ಯವಸ್ಥೆ" ಅಂತ ಐದು ವರ್ಷದ ಯೋಜನೆ ಬರೆದುಕೊಡಿ ಅಂತ ಮೇಲಿಂದ ಬಂದಿದೆ. ಸಮಿತಿಯಲ್ಲಿ ನಾನೂ ಒಬ್ಬ. ಇಲ್ಲಿವರೆಗೆ ಪಟ್ಟಿಗೆ ಸೇರಿರೋದು ಇಷ್ಟು: ಚಾವಣಿ ಮೇಲೆ ಸೋಲಾರ್, ಮಳೆನೀರು ಕೊಯ್ಲು, ಗಿಡ ನೆಡೋದು, ಒಂದು ಸ್ಮಾರ್ಟ್ ಕ್ಲಾಸ್. ಕೊಡಗಲ್ಲಿ ಮಳೆನೀರು ಕೊಯ್ಲು! ಬಂದ ನೀರನ್ನ ಹೊರಗೆ ಕಳಿಸೋದೇ ನಮ್ಗೆ ಕಷ್ಟ ಇರೋವಾಗ.

ನನ್ನ ತಕರಾರು ಬೇರೆ. 2018ರ ಆಗಸ್ಟಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು. 2019ರ ಆಗಸ್ಟಲ್ಲಿ ತೋರ. 2020ರ ಆಗಸ್ಟಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಸಾಲಾಗಿ ಮೂರು ವರ್ಷ ಗುಡ್ಡ ಜಾರಿತು. ಗುಡ್ಡ ಜಾರದ ವರ್ಷವೂ ಆ ಹೊತ್ತಿಗೆ ಮರ ಬೀಳುತ್ತೆ, ಕರೆಂಟ್ ಹೋಗುತ್ತೆ, ಅದರ ಹಿಂದೆ ನೆಟ್‌ವರ್ಕೂ ಹೋಗುತ್ತೆ. ನಮ್ಮ ಟೈಮ್‌ಟೇಬಲ್ ಮಾತ್ರ ಎಲ್ಲಾ ವಾರಗಳೂ ಒಂದೇ ಥರ ಅಂತ ನಂಬಿಕೊಂಡು ಕೂತಿದೆ. ಕೊನೆಗೆ ಏಟು ಬೀಳೋದು ಲ್ಯಾಬಿಗೆ. ಪಾಠ ಹೇಗೋ ಓಡಿಸ್ತೀವಿ. ಪ್ರಯೋಗ ಮಾತ್ರ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಒಂದೇ ಮಧ್ಯಾಹ್ನಕ್ಕೆ ಮೂರು ಮೂರು. ಹುಡುಗರು ರೆಕಾರ್ಡ್ ಬರೀತಾರೆ, ಯಂತ್ರ ಮುಟ್ಟಲ್ಲ.

ಹಾಗಾಗಿ ಪ್ರಶ್ನೆ: ಆಗಸ್ಟ್ ನಮ್ಮ ಕೈಲಿಲ್ಲ ಅಂತಲೇ ಶುರುಮಾಡಿದ್ರೆ ನೀವು ಏನು ಬದಲಾಯಿಸ್ತೀರಿ? ದುಡ್ಡು ಕಡಿಮೆ ಇದೆ ಅಂತಲೇ ಲೆಕ್ಕ ಹಾಕಿ.

ಸಂಪಾಜೆ_ಹುಡುಗ
ಆಗಸ್ಟ್ ಒಂದೇ ಅಲ್ಲ ಸರ್. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ದುರಂತ 2024ರ ಜುಲೈ 30ಕ್ಕೆ. ಜುಲೈ ನಡುವಿಂದಲೇ ಲೆಕ್ಕಕ್ಕೆ ತಗೊಳ್ಳಿ.

ವಿರಾಜಪೇಟೆ_ಅಮ್ಮ
ಮೊದಲು ರಜೆ ವಿಷಯ ಸರಿ ಮಾಡಿ. ಜೋರು ಮಳೆ ಅಂತ ಡಿಸಿ ರಜೆ ಕೊಡ್ತಾರೆ, ಆದೇಶದಲ್ಲಿ ಸಾಮಾನ್ಯವಾಗಿ ಇರೋದು ಅಂಗನವಾಡಿಯಿಂದ ಪಿಯುವರೆಗೆ. ಇಂಜಿನಿಯರಿಂಗ್ ಮಕ್ಕಳ ಮೇಲೆ ಮರ ಬೀಳಲ್ವಾ? ಬೆಳಿಗ್ಗೆ ತಂಗಿಗೆ ರಜೆ, ಅಕ್ಕ ಬಸ್‌ಸ್ಟ್ಯಾಂಡಲ್ಲಿ ಕೊಡೆ ಹಿಡ್ಕೊಂಡು ನಿಂತಿರ್ತಾಳೆ. ಹೋಗ್ಬೇಡ ಅಂದ್ರೆ "ಅಮ್ಮಾ ಅಟೆಂಡೆನ್ಸ್" ಅಂತಾಳೆ. ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು 85 ಪರ್ಸೆಂಟ್ ಕೇಳುತ್ತೆ ಅಂತೆ.

ಮೇಷ್ಟ್ರು_ಮಡಿಕೇರಿ
ನಿಜ ಮೇಡಂ, ನಿಯಮ 85. ಕಾರಣ ಸರಿ ಇದ್ರೆ ಇನ್ನೊಂದು 10 ಮನ್ನಾ ಮಾಡೋಕೆ ಅವಕಾಶ ಇದೆ. ಆದ್ರೆ ಅದಕ್ಕೆ ಅರ್ಜಿ, ಸರ್ಟಿಫಿಕೇಟು ಅಂತ ಮಕ್ಕಳನ್ನ ಓಡಾಡಿಸ್ತೀವಿ. ರಸ್ತೆ ಬಂದ್ ಆಗಿದ್ದಕ್ಕೆ ಯಾವ ಡಾಕ್ಟರ್ ಸರ್ಟಿಫಿಕೇಟ್ ಕೊಡ್ತಾರೆ?

ಬೆಂಗಳೂರಲ್ಲಿರೋ_ಕೊಡಗು
ಇಷ್ಟು ತಲೆಕೆಡಿಸ್ಕೊಳ್ಳೋದು ಯಾಕೆ? ಎರಡು ತಿಂಗಳು ಆನ್‌ಲೈನ್ ಮಾಡಿ ಮುಗಿಸಿ. ಕೊರೊನಾ ಕಾಲದಲ್ಲಿ ಎಲ್ರೂ ಮಾಡಿದ್ದೇ ತಾನೇ.

ಸಿವಿಲ್_ಹುಡುಗಿ
ಅಣ್ಣ, ನೀವು ಊರಿಗೆ ಬಂದು ಎಷ್ಟು ವರ್ಷ ಆಯ್ತು? 🙂 ಕೊರೊನಾ ಕಾಲದಲ್ಲಿ ಸೋಮವಾರಪೇಟೆ ಕಡೆ ಮುಳ್ಳೂರಿನ ಶಾಲೆ ಮೇಷ್ಟ್ರು ಒಬ್ರು ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಅಟ್ಟಣೆ ಕಟ್ಕೊಂಡು ಪಾಠ ಮಾಡಿದ್ದು ಪೇಪರಲ್ಲೆಲ್ಲ ಬಂದಿತ್ತು. ಅದು ಮೇಷ್ಟ್ರ ಕಥೆ. ಕೇಳೋ ಮಕ್ಕಳು ಯಾವ ಮರ ಹತ್ತಬೇಕು? ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರ್ ಬ್ಯಾಟರಿ ಸ್ವಲ್ಪ ಹೊತ್ತು. ಆಮೇಲೆ ಡೀಸೆಲ್ ಹಾಕೋರು ಬಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಆನ್‌ಲೈನ್ ಬೇಕಾಗೋ ದಿನವೇ ಲೈನ್ ಇರಲ್ಲ.

ಬೆಂಗಳೂರಲ್ಲಿರೋ_ಕೊಡಗು
ಸರಿ ತಾಯಿ, ಆನ್‌ಲೈನ್ ಬೇಡ. ಆಫ್‌ಲೈನ್ ಮಾಡಿ ಹಾಗಾದ್ರೆ. ಐಐಟಿಗಳ ಎನ್‌ಪಿಟಿಇಎಲ್ ವಿಡಿಯೋ ಪಾಠಗಳನ್ನ ಇಳಿಸ್ಕೊಳ್ಳೋಕೆ ಅವಕಾಶ ಇದೆ. ಒಂದು ಹಳೇ ಡೆಸ್ಕ್‌ಟಾಪ್, ನಾಲ್ಕು ಟೆರಾಬೈಟ್ ಹಾರ್ಡ್‌ಡಿಸ್ಕ್, ಒಂದು ವೈಫೈ ರೂಟರ್. ಹಾಸ್ಟೆಲ್‌ಗೊಂದು, ಲೈಬ್ರರಿಗೊಂದು. ಇಂಟರ್ನೆಟ್ಟೇ ಬೇಡ, ಮೊಬೈಲ್ ರೂಟರಿಗೆ ಕನೆಕ್ಟ್ ಮಾಡಿದ್ರೆ ಸಾಕು. ಮನೆಯಿಂದ ಬರೋ ಮಕ್ಕಳಿಗೆ ಜೂನಲ್ಲೇ ಪೆನ್‌ಡ್ರೈವ್ ತುಂಬಿಸಿ ಕೊಡಿ. ನಿಮ್ಮ ಮೇಷ್ಟ್ರುಗಳ ಪಾಠ ಕನ್ನಡದಲ್ಲೇ ಮೊಬೈಲಲ್ಲಿ ರೆಕಾರ್ಡ್ ಮಾಡಿ ಸೇರಿಸಿದ್ರೆ ಇನ್ನೂ ಒಳ್ಳೇದು.

ಮೇಷ್ಟ್ರು_ಮಡಿಕೇರಿ
ಇದು ನನ್ನ ಪಟ್ಟಿಗೆ ಸೇರ್ತು. ಸ್ಮಾರ್ಟ್ ಕ್ಲಾಸಿನ ದುಡ್ಡಲ್ಲಿ ಇಂಥ ಎಷ್ಟು ಆಗ್ಬಹುದು ಅಂತ ಸಮಿತಿಗೆ ಲೆಕ್ಕ ಕೊಡ್ತೀನಿ.

ಕಾಫಿ_ಕಣ
ಮೇಷ್ಟ್ರೇ, ಮಳೆನೀರು ಕೊಯ್ಲಿಗೆ ನಗಬೇಡಿ. ಏಪ್ರಿಲಲ್ಲಿ ಬನ್ನಿ ನಮ್ಮನೆಗೆ, ಬಾವಿ ತೋರಿಸ್ತೀನಿ. ಮಳೆಗಾಲದಲ್ಲಿ ಅಂಗಳವೇ ಕೆರೆ, ಬೇಸಗೆಯಲ್ಲಿ ಟ್ಯಾಂಕರ್. ಹಾಸ್ಟೆಲ್ ಇರೋ ಕಾಲೇಜಿಗೆ ದೊಡ್ಡ ತೊಟ್ಟಿ ಬೇಕೇ ಬೇಕು. ಆದ್ರೆ ಗುಡ್ಡದ ಮೇಲೆ ಇಂಗುಗುಂಡಿ ತೋಡ್ಬೇಡಿ, ಮೊದಲೇ ನೆನೆದ ಗುಡ್ಡಕ್ಕೆ ಇನ್ನಷ್ಟು ನೀರು ಕುಡಿಸಿದ ಹಾಗೆ ಆಗುತ್ತೆ.

ಇನ್ನೊಂದು. ಲ್ಯಾಬ್ ಎಲ್ಲಾ ನವೆಂಬರ್-ಡಿಸೆಂಬರಿಗೆ ತಳ್ತೀರಿ ಅಂದ್ಕೊಳ್ಳಿ. ಅರೇಬಿಕಾ ಕೊಯ್ಲು ಶುರು ಆಗೋದೂ ಆಗಲೇ. ಜನವರಿಯಿಂದ ರೋಬಸ್ಟಾ. ಸಣ್ಣ ಬೆಳೆಗಾರರ ಮನೆಯಲ್ಲಿ ಆಳು ಸಿಗದೆ ಮಕ್ಕಳೇ ತೋಟಕ್ಕೆ ಇಳಿಯೋದು. ನಿಮ್ಮ ಹಾಜರಿ ಪುಸ್ತಕ ನೋಡಿ, ಗೊತ್ತಾಗುತ್ತೆ.

ಮೇಷ್ಟ್ರು_ಮಡಿಕೇರಿ
ಏಪ್ರಿಲ್ ಬಾವಿ ವಿಷಯ ಒಪ್ಪಿದೆ, ತೊಟ್ಟಿ ಇರಲಿ. ಕೊಯ್ಲಿನ ವಿಷಯ ಸಮಿತಿಯಲ್ಲಿ ಯಾರೂ ಎತ್ತಿರ್ಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳು ಉಳೀತು ಹಾಗಾದ್ರೆ.

ಸಂಪಾಜೆ_ಹುಡುಗ
ಅದ್ರಲ್ಲಿ ಕೈಲ್ ಪೊಳ್ದ್ ಹಬ್ಬ, ದಸರಾ, ಕಾವೇರಿ ಸಂಕ್ರಮಣ. ಉಳಿದದ್ದು ಎಷ್ಟು ಮಾರಾಯ್ರೆ 😄

ಪಾಲಿಟೆಕ್ನಿಕ್_ಮೇಡಂ
ಇಲ್ಲಿ ಎಲ್ರೂ ವಿಟಿಯು ಕ್ಯಾಲೆಂಡರ್ ಬೈತೀರಿ ಅನ್ಸುತ್ತೆ, ಅದಕ್ಕೆ ಮೊದಲೇ ಹೇಳ್ತೀನಿ. ಬೆಳಗಾವಿಯ ವಿಟಿಯು ಕಚೇರಿಯಿಂದ ಬರೋದು ಸೆಮಿಸ್ಟರ್ ಶುರು ಯಾವಾಗ, ಕೊನೆ ಯಾವಾಗ, ಪರೀಕ್ಷೆ ಯಾವಾಗ ಅನ್ನೋದು. ಮಧ್ಯದ ಟೈಮ್‌ಟೇಬಲ್ ಕಾಲೇಜಿನ ಕೈಲೇ ಇದೆ. ಇಂಟರ್ನಲ್ಸ್ ದಿನಾಂಕ ಕೂಡ. ಈಗಿನ ಸ್ಕೀಮಲ್ಲಿ ಇಂಟರ್ನಲ್ 50, ಪರೀಕ್ಷೆ 50. ಅಂದ್ರೆ ಒಟ್ಟು ಅಂಕದಲ್ಲಿ ಅರ್ಧದ ಪರೀಕ್ಷೆ ಯಾವಾಗ ಇಡೋದು ಅಂತ ವಿಟಿಯು ನಿಯಮದೊಳಗೆ ನಿಮ್ಮ ಕಾಲೇಜೇ ಹೊಂದಿಸ್ಬಹುದು. ವಾರಕ್ಕೊಂದು ಎರಡು ಗಂಟೆ ಲ್ಯಾಬ್ ಅಂತ ಹಂಚೋ ಬದಲು, ವಾತಾವರಣ ಬಿಟ್ಟಾಗ ಇಡೀ ದಿನ ಲ್ಯಾಬ್ ಮಾಡಿ. ನಾವು ಡಿಪ್ಲೊಮಾ ಮಕ್ಕಳಿಗೆ ವರ್ಕ್‌ಶಾಪ್ ಹಾಗೇ ಮಾಡ್ಸಿದ್ದೀವಿ. ಬೆಳಿಗ್ಗೆ ಕೈ ಹಾಕಿದ ಕೆಲಸ ಸಂಜೆಗೆ ಮುಗಿಯುತ್ತೆ, ಮುಂದಿನ ವಾರಕ್ಕೆ ಮರೆತುಹೋಗೋ ಮಾತೇ ಇಲ್ಲ.

ಮೇಷ್ಟ್ರು_ಮಡಿಕೇರಿ
ಇಡೀ ದಿನದ ಲ್ಯಾಬ್ ಅಂದ್ರೆ ಉಳಿದ ವಿಷಯದವರು ಜಗಳಕ್ಕೆ ಬರ್ತಾರೆ ಮೇಡಂ, "ನನ್ನ ಅವರ್ ತಗೊಂಡ್ರು" ಅಂತ. ಆದ್ರೂ ಜಗಳ ಆಡೋಕೆ ಯೋಗ್ಯವಾದ ವಿಷಯ.

ಲ್ಯಾಬ್_ಮಾಮ
ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ರಿಟೈರ್ ಆದವನು. ಎಲ್ರೂ ಟೈಮ್‌ಟೇಬಲ್ ಮಾತಾಡ್ತಿದ್ದೀರಿ, ಯಂತ್ರದ ಕಥೆ ಯಾರೂ ಕೇಳ್ತಿಲ್ಲ. ಮಳೆಗಾಲ ಮುಗಿದು ಲ್ಯಾಬ್ ಬಾಗಿಲು ತೆಗೆದಾಗ ಯಂತ್ರ ಕೆಲಸ ಮಾಡಬೇಕಲ್ವಾ ಮೊದಲು?

ಒಂದು ಸಂಗತಿ ಹೇಳ್ತೀನಿ. ಸರ್ವೆ ಉಪಕರಣ ಇಡೋ ಮರದ ಬೀರುವಿನ ಕೆಳಗಿನ ಅರೆಯಲ್ಲಿ ನಾನು 60 ವ್ಯಾಟ್‌ನ ಹಳೇ ಬಲ್ಬ್ ಹಾಕಿಟ್ಟಿದ್ದೆ. ಜೂನಿಂದ ಸೆಪ್ಟೆಂಬರ್‌ವರೆಗೆ ಹಗಲೂ ರಾತ್ರಿ ಉರಿಯೋದು. ಅದರ ಬಿಸಿಗೆ ಒಳಗೆ ತೇವ ನಿಲ್ತಿರ್ಲಿಲ್ಲ. ಕೋನ ಅಳೆಯೋ ಥಿಯೋಡೊಲೈಟ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಇದ್ದದ್ದು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ತೇವ ಕುಡಿದಿದೆ ಅಂತ ಅರ್ಥ, ಓವನ್‌ನಲ್ಲಿ ಬಿಸಿ ಮಾಡಿ ಮತ್ತೆ ಇಡೋದು. ಒಂದು ವರ್ಷ ಕಾಲೇಜಲ್ಲಿ ವಿದ್ಯುತ್ ಉಳಿತಾಯದ ಅಭಿಯಾನ ಬಂತು. ನಾನು ರಜೆಯಲ್ಲಿದ್ದಾಗ ಯಾರೋ ಪುಣ್ಯಾತ್ಮರು ಎಲ್ಲಾ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ್ರು, ಬೀರುವಿನದ್ದೂ ಸೇರಿ. ಎಲ್‌ಇಡಿ ಬೆಳಕು ಕೊಡುತ್ತೆ, ಆ ಮಟ್ಟದ ಬಿಸಿ ಕೊಡಲ್ಲ. ಆ ಮಳೆಗಾಲ ಮುಗಿಯೋವಾಗ ಲೆನ್ಸ್ ಒಳಗೆ ಜೇಡರಬಲೆ ಥರ ಬೂಷ್ಟು. ಒರೆಸೋಕೆ ಆಗೋ ಜಾಗವೂ ಅಲ್ಲ. ಬೋರ್ಡಲ್ಲಿ ಮಾತ್ರ "ಹಸಿರು ಕ್ಯಾಂಪಸ್" ಅಂತ ಇತ್ತು.

ನಾನು ಬಿಟ್ಟ ಮೇಲೆ ಆ ಹುದ್ದೆಗೆ ಯಾರನ್ನೂ ಹಾಕಿಲ್ಲ. ಒಬ್ಬ ಹುಡುಗ ನಾಲ್ಕು ಲ್ಯಾಬ್ ನೋಡ್ಕೋತಾನೆ, ಅವನೂ ಕಾಂಟ್ರಾಕ್ಟ್. ಐದು ವರ್ಷದ ಯೋಜನೆಯಲ್ಲಿ ಮೊದಲ ಸಾಲಲ್ಲಿ ಇದನ್ನ ಬರೀರಿ ಮೇಷ್ಟ್ರೇ.

ಸಿವಿಲ್_ಹುಡುಗಿ
ಮಾಮ, ನಮ್ಮ ಲ್ಯಾಬಲ್ಲೂ ಒಂದು ಲೆವೆಲ್ ಅನ್ನೋ ಸರ್ವೆ ದುರ್ಬೀನಲ್ಲಿ ನೋಡಿದ್ರೆ ಊರೆಲ್ಲ ಮಂಜು! ನಾವು ಮಡಿಕೇರಿ ಮಂಜು ಅಂತಲೇ ಅಂದ್ಕೊಂಡಿದ್ವಿ 😂

ಪಾಲಿಟೆಕ್ನಿಕ್_ಮೇಡಂ
ಲ್ಯಾಬ್ ಮಾಮ ಹೇಳಿದ್ದಕ್ಕೆ ನೂರು ಲೈಕ್. ಅವರಿಗೆ ಗೊತ್ತಿರೋದು ಯಾವ ಮ್ಯಾನ್ಯುಯಲಲ್ಲೂ ಇಲ್ಲ. ರಿಟೈರ್ ಆಗೋಕೆ ಆರು ತಿಂಗಳು ಮೊದಲೇ ಹೊಸಬರನ್ನ ಅವರ ಜೊತೆ ಬಿಡಬೇಕು.

ಲೈನ್‌ಮ್ಯಾನ್_ಮಗ
ಸೋಲಾರ್ ವಿಷಯಕ್ಕೆ ಬರ್ತೀನಿ. ಚಾವಣಿ ಮೇಲೆ ಹಾಕೋದು ಕರೆಂಟ್ ಲೈನಿಗೆ ಜೋಡಿಸೋ ಆನ್-ಗ್ರಿಡ್ಡಾ, ಬ್ಯಾಟರಿ ಇರೋದಾ? ಆನ್-ಗ್ರಿಡ್ ಆದ್ರೆ ಕರೆಂಟ್ ಹೋದ ಕೂಡ್ಲೇ ಇನ್ವರ್ಟರ್ ತಾನೇ ಆಫ್ ಆಗುತ್ತೆ. ಆಗಲೇಬೇಕು, ಇಲ್ಲಾಂದ್ರೆ ಕಂಬ ಹತ್ತಿದ ನಮ್ಮಪ್ಪನಂಥವರಿಗೆ ನಿಮ್ಮ ಚಾವಣಿಯಿಂದ ಶಾಕ್ ಹೊಡೀತದೆ. ಬಿಲ್ ಕಡಿಮೆ ಆಗುತ್ತೆ ಅಷ್ಟೇ, ಮಳೆಗಾಲದ ಕತ್ತಲೆಗೆ ನಯಾ ಪೈಸೆ ಉಪಯೋಗ ಇಲ್ಲ.

ಬೆಂಗಳೂರಲ್ಲಿರೋ_ಕೊಡಗು
ಬ್ಯಾಟರಿ ಹಾಕ್ಸಿದ್ರೆ ಆಯ್ತಲ್ಲ?

ಲೈನ್‌ಮ್ಯಾನ್_ಮಗ
ಬಿಸಿಲು ಎಲ್ಲಿಂದ ತರ್ತೀರಿ? ಒಳ್ಳೆ ಬಿಸಿಲಿಗೆ ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಆಸುಪಾಸು. ಜುಲೈಯಲ್ಲಿ ವಾರಗಟ್ಟಲೆ ಸೂರ್ಯ ಕಾಣದ ಊರಲ್ಲಿ ಅದರಲ್ಲಿ ಎಷ್ಟು ಉಳೀತದೆ ನೀವೇ ಹೇಳಿ.

ಕಾಫಿ_ಕಣ
ನಮ್ಮ ತೋಟದಲ್ಲಿ ತೋಡಿಗೆ, ಅಂದ್ರೆ ಸಣ್ಣ ಹಳ್ಳಕ್ಕೆ, ಪೈಪ್ ಹಾಕಿ ಸಣ್ಣ ಟರ್ಬೈನ್ ಇಟ್ಟಿದ್ದೀವಿ. ಮಳೆಗಾಲದಲ್ಲಿ ಊರಿಗೆಲ್ಲ ಕತ್ತಲು, ನಮ್ಮನೇಲಿ ಲೈಟು. ಕಾಲೇಜಿನ ಹಿಂದೆ ತೋಡು ಇಲ್ವಾ?

ಸಂಪಾಜೆ_ಹುಡುಗ
ಲೆಕ್ಕ ಹಾಕಿ ನೋಡುವ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಬಂದ್ರೆ 9.81 ಇಂಟು 10 ಇಂಟು 20, ಅಂದ್ರೆ 1,962 ವ್ಯಾಟ್. ಎರಡು ಕಿಲೋವ್ಯಾಟ್ ಉಂಟು!

ಲೈನ್‌ಮ್ಯಾನ್_ಮಗ
ಅದು ಪುಸ್ತಕದ ಲೆಕ್ಕ. ಪೈಪಿನ ತಿಕ್ಕಾಟ, ಟರ್ಬೈನ್, ಆಲ್ಟರ್ನೇಟರ್ ಎಲ್ಲಾ ಕಳೆದು ಅರ್ಧ ಅಂತ ಇಟ್ಕೊಳ್ಳಿ. ಒಂದು ಕಿಲೋವ್ಯಾಟ್. ಆದ್ರೆ 24 ಗಂಟೆ ತಿರುಗ್ತದೆ, ದಿನಕ್ಕೆ 24 ಯೂನಿಟ್. 5 ಕಿಲೋವ್ಯಾಟ್ ಸೋಲಾರ್ ಒಳ್ಳೆ ಬಿಸಿಲಲ್ಲಿ ಕೊಡೋದಕ್ಕಿಂತ ಜಾಸ್ತಿ. ಸರ್ವರ್, ಹಾಸ್ಟೆಲ್ ಲೈಟು, ಮೊಬೈಲ್ ಚಾರ್ಜು, ಲ್ಯಾಬ್ ಮಾಮನ ಬಲ್ಬ್ ಎಲ್ಲಾ ಆಗ್ತದೆ. ಬೇಸಗೆಯಲ್ಲಿ ತೋಡು ಬತ್ತಿದಾಗ ಸೋಲಾರ್ ಇದ್ದೇ ಇದೆ. ಎರಡೂ ಬೇಕು.

ಮೇಷ್ಟ್ರು_ಮಡಿಕೇರಿ
ಈಗ ಮಜಾ ಬಂತು. ಇದನ್ನ ಕಾಂಟ್ರಾಕ್ಟರಿಗೆ ಕೊಡದೆ ಮಕ್ಕಳ ಪ್ರಾಜೆಕ್ಟ್ ಮಾಡಿಸಿದ್ರೆ? ಮೆಕ್ಯಾನಿಕಲ್‌ನವರಿಗೆ ಟರ್ಬೈನ್, ಎಲೆಕ್ಟ್ರಿಕಲ್‌ನವರಿಗೆ ಲೋಡ್ ಕಂಟ್ರೋಲರ್, ಸಿವಿಲ್‌ನವರಿಗೆ ಕಟ್ಟೆ ಮತ್ತು ಪೈಪ್. ಮುಂದಿನ ಬ್ಯಾಚ್ ರಿಪೇರಿ ಕಲೀಲಿ. ಈಗ ಪ್ರಾಜೆಕ್ಟ್ ಅಂದ್ರೆ ಬೆಂಗಳೂರಿಂದ ರೆಡಿಮೇಡ್ ತಂದು, ತೋರಿಸಿ, ಗುಜರಿಗೆ ಹಾಕೋದು ತಾನೇ.

ವಿರಾಜಪೇಟೆ_ಅಮ್ಮ
ಎಲ್ಲಾ ಚೆನ್ನಾಗಿದೆ. ಆದ್ರೆ ಮೆಕ್ಯಾನಿಕಲ್, ಸಿವಿಲ್‌ಗೆ ಸೇರೋರು ಯಾರು ಈಗ? ನನ್ನ ಮಗಳನ್ನ ನಾವೇ ಕಂಪ್ಯೂಟರ್ ಸೈನ್ಸಿಗೆ ಹಾಕಿದ್ದು. ಸಾಲ ತೀರಿಸ್ಬೇಕು, ಕೆಲಸ ಸಿಗ್ಬೇಕು. ತೋಡಿಗೆ ಟರ್ಬೈನ್ ಇಡೋಳಿಗೆ ಸಂಬಳ ಯಾರು ಕೊಡ್ತಾರೆ?

ಸಿವಿಲ್_ಹುಡುಗಿ
ಆಂಟಿ, ನಿಮ್ಮ ಭಯ ನಮ್ಮಮ್ಮನಿಗೂ ಇತ್ತು. ಆದ್ರೆ ಸ್ವಲ್ಪ ಯೋಚಿಸಿ. 2018ರ ನಂತರ ಬಂದ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ರಸ್ತೆಗೆ, ಮನೆಗೆ ಇಳಿಜಾರು ಕಡಿದದ್ದನ್ನೇ ಬೊಟ್ಟು ಮಾಡಿದ್ರು. ಗುಡ್ಡದ ಬುಡಕ್ಕೆ ಜೆಸಿಬಿ ಹಾಕೋ ಮೊದಲು ಕೇಳೋಕೆ ಒಬ್ಬ ಇಂಜಿನಿಯರ್ ತಾಲ್ಲೂಕಲ್ಲಿ ಬೇಡ್ವಾ? ಸೇರೋರಿಲ್ಲ ಅಂತ ಬ್ರಾಂಚ್ ಮುಚ್ಚಿದ್ರೆ ಲ್ಯಾಬ್ ಹೋಗುತ್ತೆ, ಲ್ಯಾಬ್ ಹೋದ್ರೆ ಕಲಿಸೋರು ಹೋಗ್ತಾರೆ, ಮತ್ತೆ ಕಟ್ಟೋಕಾಗಲ್ಲ. ಎಲ್ರೂ ಒಂದೇ ಬ್ರಾಂಚಲ್ಲಿ ತುಂಬಿಕೊಂಡು, ನಾಳೆ ಐಟಿ ಕಂಪನಿಗಳು ನೇಮಕ ನಿಲ್ಸಿದ್ರೆ ಆಗ ಇಡೀ ಕಾಲೇಜೇ ಕೂತ್ಕೊಳ್ಳುತ್ತೆ.

ನಮ್ಮ ಪಾಠದ ಮೇಲೂ ಸಿಟ್ಟಿದೆ ನನಗೆ. ಸಾಯಿಲ್ ಲ್ಯಾಬಲ್ಲಿ ಐಎಸ್ 2720 ಮಾನದಂಡದ ಪ್ರಕಾರ ಡೈರೆಕ್ಟ್ ಶಿಯರ್ ಟೆಸ್ಟ್, ಅಂದ್ರೆ ಮಣ್ಣು ಎಷ್ಟು ಬಲಕ್ಕೆ ಜಾರುತ್ತೆ ಅನ್ನೋ ಪರೀಕ್ಷೆ, ಮಾಡ್ತೀವಿ. ಯಾವುದರ ಮೇಲೆ? ಲಾರಿಯಲ್ಲಿ ಬಂದ ಹೊಳೆ ಮರಳಿನ ಮೇಲೆ, ಪ್ರತಿ ವರ್ಷ ಅದೇ ಮರಳು, ಉತ್ತರವೂ ಸೀನಿಯರ್ಸ್ ರೆಕಾರ್ಡಲ್ಲಿ ಮೊದಲೇ ಇದೆ. ಮದೆನಾಡಿನ ಕೆಂಪು ಮಣ್ಣು ಅರ್ಧ ಗಂಟೆ ದೂರದಲ್ಲಿದೆ. ಅದನ್ನ ತಂದು, ಸ್ವಲ್ಪ ತೇವ ಇದ್ದಾಗ ಒಂದು ಸಲ, ಪೂರ್ತಿ ನೆನೆಸಿ ಒಂದು ಸಲ ಶಿಯರ್ ಬಾಕ್ಸಿಗೆ ಹಾಕಿದ್ರೆ ಗುಡ್ಡ ಯಾಕೆ ಜಾರಿತು ಅಂತ ಗ್ರಾಫಲ್ಲೇ ಕಾಣುತ್ತೆ. ನಾವು ನಾಲ್ಕು ಜನ ಕೇಳ್ಕೊಂಡು ಹಾಗೆ ಮಾಡಿದ್ವಿ. ಉಳಿದ ಪ್ರಯೋಗ ಎಲ್ಲಾ ಮರೆತಿದ್ದೀನಿ, ಅದೊಂದು ಮರೆತಿಲ್ಲ.

ವಿರಾಜಪೇಟೆ_ಅಮ್ಮ
ನೀನು ಹೇಳೋದು ಸರಿ ಮಗಾ. ಆದ್ರೂ ಬ್ಯಾಂಕಿನವರು ಗುಡ್ಡ ನೋಡಲ್ಲ.

ಪಾಲಿಟೆಕ್ನಿಕ್_ಮೇಡಂ
ಇದಕ್ಕೆ ಮಧ್ಯದ ದಾರಿ ಇದೆ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಮೈನರ್ ಡಿಗ್ರಿಗೆ, ಅಂದ್ರೆ ಮುಖ್ಯ ಬ್ರಾಂಚ್ ಜೊತೆ ಇನ್ನೊಂದು ವಿಷಯಕ್ಕೆ, ಅವಕಾಶ ಕೊಟ್ಟಿದೆ, 18ರಿಂದ 20 ಕ್ರೆಡಿಟ್ ಹೆಚ್ಚಿಗೆ ಓದ್ಬೇಕು. ಕಂಪ್ಯೂಟರ್ ಹುಡುಗಿಯೂ ಇಳಿಜಾರು, ನೀರು, ವಿಪತ್ತು ನಿರ್ವಹಣೆಯಲ್ಲಿ ಮೈನರ್ ಮಾಡ್ಬಹುದು. ಸಿವಿಲ್ ಲ್ಯಾಬಿಗೂ ಮಕ್ಕಳು ಸಿಗ್ತಾರೆ, ಮುಚ್ಚೋಕೆ ನೆಪ ಇರಲ್ಲ.

ಬೆಂಗಳೂರಲ್ಲಿರೋ_ಕೊಡಗು
ಪರಿಸರ, ಸುಸ್ಥಿರತೆ ಎಲ್ಲಾ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋ ಎನ್‌ಬಿಎ ಪಟ್ಟಿಯಲ್ಲಿ 7ನೇದು ಅಂತ ಇತ್ತಲ್ಲ, ಆ ಪಿಒಗಳು, ಅಂದ್ರೆ ಓದು ಮುಗಿಸಿದವರಿಗೆ ಬರಬೇಕಾದ ಗುಣಗಳು? ನಮ್ಮ ಕಾಲದಲ್ಲಿ ಮೇಷ್ಟ್ರುಗಳು ಪ್ರತಿ ವಿಷಯಕ್ಕೂ ಅದು ಎಷ್ಟು ಹೊಂದುತ್ತೆ ಅಂತ ಒಂದು 2 ಅಥವಾ 3 ತುಂಬಿಸಿ ಬಿಡ್ತಿದ್ರು. ಸಿ ಪ್ರೋಗ್ರಾಮಿಂಗ್‌ಗೂ 😀

ಮೇಷ್ಟ್ರು_ಮಡಿಕೇರಿ
ಈಗಲೂ ತುಂಬ್ತೀವಿ 😀 ಹನ್ನೆರಡು ಇದ್ದಾಗ ಅದು 7ನೇದು, ಹೊಸ ಪಟ್ಟಿಯಲ್ಲಿ ಸಮಾಜ, ಪರಿಸರ ಒಂದೇ ಕಲಂಗೆ ಸೇರಿದೆ. ಎಕ್ಸೆಲ್ ಶೀಟಲ್ಲಿ ನಾವು ಯಾವತ್ತೋ ಸುಸ್ಥಿರ ಆಗಿಬಿಟ್ಟಿದ್ದೀವಿ.

ಸಂಪಾಜೆ_ಹುಡುಗ
ಆಕ್ಟಿವಿಟಿ ಪಾಯಿಂಟ್ಸ್, ಅಂದ್ರೆ ಸಮಾಜಸೇವೆಯಂಥ ಕೆಲಸಕ್ಕೆ ಸಿಗೋ ಅಂಕ, ಮರೆತ್ರಿ. ಡಿಗ್ರಿಗೆ 100 ಬೇಕು, ಡಿಪ್ಲೊಮಾದಿಂದ ಬಂದೋರಿಗೆ 75. ಏನು ಮಾಡ್ತಾರೆ? ಗಿಡ ಹಿಡ್ಕೊಂಡು ಫೋಟೋ. ಅದೇ ಗಿಡ, ಬೇರೆ ಹುಡುಗರು.

ಕಾಫಿ_ಕಣ
ಹಾಗಾದ್ರೆ ನಮ್ಮ ಮಳೆ ಪುಸ್ತಕಕ್ಕೆ ಆ ಹುಡುಗರನ್ನ ಕಳಿಸಿ. ಅಜ್ಜನ ಕಾಲದಿಂದ ದಿನಾ ಬೆಳಿಗ್ಗೆ ಅಳೆದು ಬರೆದಿಟ್ಟದ್ದಿದೆ, ಇಂಚು, ಸೆಂಟ್‌ನಲ್ಲಿ (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ). ಹಳೇ ತೋಟದ ಮನೆಗಳಲ್ಲಿ ಇಂಥ ಪುಸ್ತಕ ಬೇಕಾದಷ್ಟು ಸಿಗುತ್ತೆ. ಗೆದ್ದಲು ತಿನ್ನೋ ಮೊದಲು ಕಂಪ್ಯೂಟರಿಗೆ ಹಾಕ್ಲಿ.

ಸಿವಿಲ್_ಹುಡುಗಿ
ಅಂಕಲ್, ನಾನು ಬರ್ತೀನಿ!! ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯವರ ಮಳೆಮಾಪಕ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಇದೆ, ಆದ್ರೆ ಅದರ ಲೆಕ್ಕ ಇತ್ತೀಚಿನದ್ದು. ಹಳೇದು ನಿಮ್ಮ ಹತ್ರವೇ ಇರೋದು. 1 ಇಂಚಿಗೆ 25.4 ಮಿಲಿಮೀಟರ್, ಪರಿವರ್ತನೆ ಎರಡು ನಿಮಿಷದ ಕೆಲಸ. ನಿಮ್ಮ ಅಜ್ಜನ ಕೈಬರಹ ಓದೋದೇ ಕಷ್ಟ ಆಗ್ಬಹುದು.

ವಿರಾಜಪೇಟೆ_ಅಮ್ಮ
ನನ್ನ ಮಗಳನ್ನೂ ಕರ್ಕೊಂಡು ಹೋಗು. ಕಂಪ್ಯೂಟರಿಗೆ ಹಾಕೋದು ಅವಳೇ ಮಾಡ್ಲಿ, ಅಷ್ಟಕ್ಕಾದ್ರೂ ಆ ಸೈನ್ಸು ಬರಲಿ.

ಗೋಣಿಕೊಪ್ಪ_ಸಂತೆ
ಮಧ್ಯ ಬಾಯಿ ಹಾಕ್ತೀನಿ, ಕಾಳುಮೆಣಸು ಈಗ ಕೊಡೋದಾ ಇಟ್ಕೊಳ್ಳೋದಾ?

ಮಾಡರೇಟರ್
ಮೆಣಸಿಗೆ ಬೇರೆ ಎಳೆ ಇದೆ, ಅಲ್ಲಿ ಕೇಳಿ. ಇಲ್ಲಿ ಕಾಲೇಜು ಮಾತ್ರ.

ಗೋಣಿಕೊಪ್ಪ_ಸಂತೆ
ಫೀಸ್ ಕಟ್ಟೋದು ಮೆಣಸಿಂದಲೇ ಅಲ್ವಾ ಸ್ವಾಮಿ.

ಮೇಷ್ಟ್ರು_ಮಡಿಕೇರಿ
ಸಮಿತಿಗೆ ಕೊಡೋ ಕರಡು ಬರೆದೆ. ಸೋಲಾರ್ ತೆಗೆದಿಲ್ಲ, ಬ್ಯಾಟರಿ ಮತ್ತು ತೋಡಿನ ಟರ್ಬೈನ್ ಜೊತೆಗೆ ಇಟ್ಟಿದ್ದೀನಿ. ಜುಲೈ-ಆಗಸ್ಟಿಗೆ ಪಾಠ ಮತ್ತು ಹಾರ್ಡ್‌ಡಿಸ್ಕ್, ಸೆಪ್ಟೆಂಬರ್-ಅಕ್ಟೋಬರಿಗೆ ಇಡೀ ದಿನದ ಲ್ಯಾಬ್. ರಸ್ತೆ ಬಂದ್ ಆದ ದಿನಕ್ಕೆ ಕಾಲೇಜೇ ಪಟ್ಟಿ ಮಾಡಿ ಹಾಜರಿ ಮನ್ನಾ ಮಾಡೋದು, ಮಕ್ಕಳು ಅರ್ಜಿ ಹಿಡ್ಕೊಂಡು ಓಡಾಡೋ ಹಾಗಿಲ್ಲ. ಮೊದಲ ಸಾಲು ಲ್ಯಾಬ್ ಮಾಮ ಹೇಳಿದ್ದೇ: ಲ್ಯಾಬಿಗೊಬ್ಬ ಕಾಯಂ ಇನ್‌ಸ್ಟ್ರಕ್ಟರ್. ಅದಕ್ಕೇ ಕತ್ತರಿ ಬೀಳೋದು ಅಂತಲೂ ಗೊತ್ತು, ಸಂಬಳದ ಬಾಬತ್ತು ನೋಡಿ. ಟರ್ಬೈನಿಗೆ ಫೋಟೋ ಬರುತ್ತೆ, ಇನ್‌ಸ್ಟ್ರಕ್ಟರಿಗೆ ಬರಲ್ವಲ್ಲ.

ಲ್ಯಾಬ್_ಮಾಮ
ಕತ್ತರಿ ಬಿದ್ರೆ ಹೇಳಿ. ವಾರಕ್ಕೊಂದು ದಿನ ನಾನೇ ಬಂದು ಆ ಕಾಂಟ್ರಾಕ್ಟ್ ಹುಡುಗನಿಗೆ ಹೇಳಿಕೊಡ್ತೀನಿ. ಬಸ್ ಚಾರ್ಜ್ ಕೊಟ್ರೆ ಸಾಕು. ಆದ್ರೆ ಇದನ್ನ ಸಮಿತಿಗೆ ಹೇಳ್ಬೇಡಿ, ಪುಕ್ಕಟೆ ಸಿಗ್ತಾನೆ ಅಂತ ಹುದ್ದೆ ಕೇಳೋದೇ ಬಿಡ್ತಾರೆ.

ಲೈನ್‌ಮ್ಯಾನ್_ಮಗ
ಮೇಷ್ಟ್ರೇ, ಟರ್ಬೈನಿಗೆ ದುಡ್ಡು ಕೇಳೋ ಮೊದಲು ತೋಡಿನ ಎತ್ತರ ಅಳೀರಿ. ಟೋಟಲ್ ಸ್ಟೇಷನ್‌ನಂಥ ಸರ್ವೆ ಯಂತ್ರ ಎಲ್ಲಾ ಬೇಡ, ಮೇಸ್ತ್ರಿಗಳ ನೀರಿನ ಲೆವೆಲ್ ಪೈಪ್ ಸಾಕು. ಹಂತ ಹಂತವಾಗಿ ಇಳೀತಾ ಕೂಡಿಸ್ಕೊಂಡು ಹೋದ್ರೆ ಆಯ್ತು. ನೀರು ಎಷ್ಟು ಬರ್ತದೆ ಅನ್ನೋಕೆ ಒಂದು ಬಕೆಟ್, ಒಂದು ಮೊಬೈಲ್ ಗಡಿಯಾರ. ಮಳೆ ಕಡಿಮೆ ಆದ ಮೇಲೂ ಒಂದು ಸಲ ಅಳೀಬೇಕು.

ಸಿವಿಲ್_ಹುಡುಗಿ
ಶನಿವಾರ ಹೋಗೋಣ ಸರ್? ಪೈಪ್ ನಾನು ತರ್ತೀನಿ.

ಮೇಷ್ಟ್ರು_ಮಡಿಕೇರಿ
ಶನಿವಾರ ಬೆಳಿಗ್ಗೆ ಹತ್ತಕ್ಕೆ, ಹಿಂದಿನ ಗೇಟ್ ಹತ್ರ. ಜಿಗಣೆ ಜಾಸ್ತಿ ಇದೆ, ಕಾಲಿಗೆ ಏನಾದ್ರೂ ಹಚ್ಕೊಂಡು ಬನ್ನಿ.

ಸಂಪಾಜೆ_ಹುಡುಗ
ಸುಣ್ಣ ಮತ್ತು ಹೊಗೆಸೊಪ್ಪು.

ಕಾಫಿ_ಕಣ
ಸುಣ್ಣ ಕಾಲು ಸುಡುತ್ತೆ. ತೆಂಗಿನೆಣ್ಣೆಗೆ ಉಪ್ಪು ಹಾಕಿ ಹಚ್ಚಿ.

ಸಂಪಾಜೆ_ಹುಡುಗ
ಮಳೆಗೆ ಐದು ನಿಮಿಷದಲ್ಲಿ ತೊಳೆದು ಹೋಗ್ತದೆ ಅದು.

ಮಾಡರೇಟರ್
ಜಿಗಣೆಗೂ ಬೇರೆ ಎಳೆ ಇದೆ ಮಾರಾಯ್ರೆ.